ತಿರುವಿನ ಮನೆಯ ಗೆರೆ

ನಮ್ಮೂರಿನಲ್ಲಿ ಯಾವ ಮನೆಯಲ್ಲಿ ಯಾರ ಮೇಲೆ ಎಷ್ಟು ಪ್ರೀತಿ ಇದೆ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಸಂಜೆ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಬಂದರೆ ಸಾಕು, ಎಲ್ಲ ಗೊತ್ತಾಗುತ್ತದೆ. ಮಧ್ಯಾಹ್ನದ ಊಟ ಮುಗಿದು ಪಾತ್ರೆ ತೊಳೆಯುವ ಹೊತ್ತಿಗೆ ಬೆಟ್ಟದ ಮೇಲಿನಿಂದ ಬಿಳಿ ಇಳಿಯುತ್ತದೆ. ಬೇರೆ ಊರಿನವರು ಅದನ್ನು ಮಂಜು ಅನ್ನುತ್ತಾರೆ, ಕಾವಳ ಅನ್ನುತ್ತಾರೆ. ನಾವು ಬಿಳಿ ಅನ್ನುತ್ತೇವೆ. ಅದು ಇಳಿದ ಮೇಲೆ ಚಾಚಿದ ಕೈಯ ಬೆರಳು ನಮಗೇ ಕಾಣುವುದಿಲ್ಲ. ಮಾರನೆಯ ದಿನ ಬಿಸಿಲು ಏರುವವರೆಗೂ ಹಾಗೆಯೇ. ಆ ಬಿಳಿಯಲ್ಲಿ ಕಾಣುವುದು ಒಂದೇ ಒಂದು, ಅಂದು ಮನೆಯವರು ಕೈಯಾರೆ ಎಳೆದ ಸುಣ್ಣದ ಗೆರೆ. ಅದೂ ಆ ಮನೆಯವರು ಯಾರಿಗಾದರೂ ಕಾಯುತ್ತಿದ್ದರೆ ಮಾತ್ರ.

ಊರು ಅಂದರೆ ಒಂದೇ ರಸ್ತೆ. ಕೆಳಗಿನ ಕಲ್ಲುಸೇತುವೆಯಿಂದ ಹೊರಟು ಮೇಲಿನ ಬಸ್ ಶೆಡ್ಡಿನವರೆಗೆ ಬೆಟ್ಟದ ಮೈಗೆ ಅಂಟಿಕೊಂಡು ಏರುತ್ತದೆ. ಏರುವಾಗ ಬಲಕ್ಕೆ ಮನೆಗಳು, ಎಡಕ್ಕೆ ಕಮರಿ. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟ ಮೇಲೆ, ಅದೇ ಬಗ್ಗಿದ ಸೊಂಟದಲ್ಲಿ ರಸ್ತೆ ದಾಟಿ, ತಮ್ಮ ಮನೆ ಎಷ್ಟು ಅಗಲವೋ ಅಷ್ಟು ಉದ್ದಕ್ಕೆ ಕಮರಿಯ ಅಂಚಿನಲ್ಲಿ ಒಂದು ಗೆರೆ ಎಳೆಯಬೇಕು. ಪಕ್ಕದ ಮನೆಯ ಗೆರೆ ಎಲ್ಲಿ ಶುರುವೋ ಅಲ್ಲಿಗೆ ನಿಲ್ಲಿಸಬೇಕು. ಸಂಜೆ ಬಸ್ಸು ಬರುವಾಗ ಆ ಗೆರೆಗಳೆಲ್ಲ ಸಾಲಾಗಿ ಬೆಳಗುತ್ತಿರುತ್ತವೆ. ಯಾರಿಗೆ ಕಾಯುತ್ತಿದ್ದರೋ ಅವರು ಬಸ್ಸಿನಿಂದ ಇಳಿದು ನೆಲಕ್ಕೆ ಕಾಲಿಟ್ಟರೆ ಸಾಕು, ಆ ಮನೆಯ ಗೆರೆ ಆರುತ್ತದೆ. ಹಾಗಾಗಿ ಆ ಬಸ್ಸು ಓಡಿಸುವ ನನ್ನ ಮುಂದೆ ಯಾವಾಗಲೂ ಗೆರೆ, ಹಿಂದಿನ ಕನ್ನಡಿಯಲ್ಲಿ ಯಾವಾಗಲೂ ಬರೀ ಬಿಳಿ.

ಒಮ್ಮೆ ಸರ್ಕಾರದವರು ಬಂದು ರಸ್ತೆಗೆಲ್ಲ ಬಣ್ಣದ ಪಟ್ಟೆ ಬಳಿದು, ಮಿಣುಕುವ ಗಾಜಿನ ಗುಂಡಿಗಳನ್ನು ನೆಟ್ಟು ಹೋದರು. ಬೇರೆ ಊರುಗಳಲ್ಲಿ ಅವು ಎಷ್ಟೋ ಜೀವ ಉಳಿಸಿವೆಯಂತೆ, ನಾನು ಇಲ್ಲ ಅನ್ನುವುದಿಲ್ಲ. ನಮ್ಮ ಬಿಳಿ ಅವನ್ನು ನುಂಗಿ ನೀರು ಕುಡಿಯಿತು. ಹೊಸ ಡ್ರೈವರುಗಳು ಇಲ್ಲಿಗೆ ಬಂದರೆ ಮಾಡುವ ಮೊದಲ ತಪ್ಪು ದೊಡ್ಡ ದೀಪ ಹಾಕುವುದು. ಬೆಳಕು ಬಿಳಿಗೆ ಬಡಿದು ವಾಪಸು ಅವರ ಕಣ್ಣಿಗೇ ರಾಚುತ್ತದೆ. ಡಿಮ್ ಹಾಕಿ, ಎರಡನೇ ಗೇರಿನಲ್ಲಿ, ಎಡಗಡೆಯ ಗೆರೆಯನ್ನು ಮಾತ್ರ ನೋಡುತ್ತಾ ಬರಬೇಕು. ಮುಂದಿನ ಗಾಡಿಯ ಕೆಂಪು ದೀಪ ನಂಬಿ ಹೋದವನು, ಆ ಗಾಡಿ ಹೋದಲ್ಲಿಗೇ ಹೋಗುತ್ತಾನೆ. ಗೆರೆ ಕಾಣದಿದ್ದರೆ ನಿಲ್ಲಿಸಬೇಕು, ಅಷ್ಟೆ. ಧೈರ್ಯ ತೋರಿಸುವ ಜಾಗ ಇದಲ್ಲ.

ಈ ಏರ್ಪಾಡಿನಲ್ಲಿ ತಮಾಷೆಗಳೂ ಇಲ್ಲದಿಲ್ಲ. ಮಗಳ ಮನೆಗೆ ಹೋಗಿದ್ದ ಅತ್ತೆ ವಾಪಸು ಬರುವ ದಿನ ಸೊಸೆಯ ಗೆರೆ ಕಾಣದೆ ಹೋದರೆ, ಅತ್ತೆ ಬಸ್ಸಿನಲ್ಲೇ ಎದ್ದು ನಿಂತು, "ನೋಡಿದ್ರೇನ್ರಪ್ಪಾ ಎಲ್ಲಾರೂ," ಅನ್ನುತ್ತಾಳೆ. ಸೊಸೆ ಮನೆಯಲ್ಲಿ ಸುಣ್ಣವೇ ಸರಿ ಇಲ್ಲ ಅಂತ ಸುಣ್ಣ ಸುಟ್ಟವನನ್ನು ಬೈಯುತ್ತಾಳೆ. ಕುಡಿದು ಬರುವ ಗಂಡನಿಗೆ ಕಾಯುವವಳ ಗೆರೆಯೂ ಜೋರಾಗಿಯೇ ಬೆಳಗುತ್ತದೆ. ಸಿಟ್ಟಿನಲ್ಲಿ ಕಾಯುವುದೂ ಕಾಯುವುದೇ.

ನನ್ನ ಹೆಸರು ಚೌಡಮ್ಮ. ಅಪ್ಪ ಲಾರಿ ಓಡಿಸುತ್ತಿದ್ದ, ಅವನ ಪಕ್ಕ ಕೂತು ಕಲಿತೆ. ಮದುವೆ ಆಗಲಿಲ್ಲ. ಬಂದ ಗಂಡುಗಳಿಗೆ ನನ್ನ ಬಾಯಿ ಹಿಡಿಸಲಿಲ್ಲ, ನನಗೆ ಅವರ ಮುಖ ಹಿಡಿಸಲಿಲ್ಲ. ರಸ್ತೆ ಮುಗಿಯುವ ಶೆಡ್ಡಿನ ಪಕ್ಕದಲ್ಲಿ ನನಗೊಂದು ಕೋಣೆ. ಅಲ್ಲಿ ಗೆರೆ ಎಳೆಯುವವರು ಇಲ್ಲ, ಬೇಕಾಗಿಯೂ ಇಲ್ಲ. ಈ ಊರಿನ ಗೆರೆಗಳನ್ನೆಲ್ಲ ನನ್ನಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿಲ್ಲ. ಅವುಗಳಲ್ಲಿ ಒಂದೂ ನನ್ನದಲ್ಲ ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ. ಬಸ್ಸಿಗೆ ಕಾಯುತ್ತಾರೆ, ಬಸ್ಸಿನಲ್ಲಿ ಬರುವವರಿಗೆ ಕಾಯುತ್ತಾರೆ. ಡ್ರೈವರಿಗೆ ಯಾರು ಕಾಯುತ್ತಾರೆ?

ಸೇತುವೆಗೂ ಶೆಡ್ಡಿಗೂ ನಡುವೆ ರಸ್ತೆ ಮೊಣಕೈಯ ಹಾಗೆ ಮಡಚಿಕೊಳ್ಳುವ ಕಡೆ ನಂಜಮಣಿಯ ಮನೆ. ತಿರುವಿನ ಒಳಮಗ್ಗುಲಲ್ಲಿ ಅದೊಂದೇ ಮನೆ ಇರುವುದರಿಂದ ಇಡೀ ತಿರುವಿನ ಗೆರೆ ಅವಳದೇ. ಅಲ್ಲಿ ಕಮರಿ ತಳ ಕಾಣದಷ್ಟು ಆಳ. ಅವಳ ಗಂಡ ಬೆಟ್ಟಸ್ವಾಮಿ ಹಾಲಿನ ವ್ಯಾನು ಓಡಿಸುತ್ತಿದ್ದ, ನಮ್ಮ ಬಸ್ಸಿನ ಹಿಂದೆಯೇ ಬರುತ್ತಿದ್ದ. ಅವನಿದ್ದಾಗ ಆ ತಿರುವಿನ ಬಗ್ಗೆ ಯಾವ ಡ್ರೈವರೂ ಚಿಂತೆ ಮಾಡಿದವನಲ್ಲ. ನಂಜಮಣಿಯ ಗೆರೆ ದೂರದಿಂದಲೇ ಕಾಣುತ್ತಿತ್ತು, ಹುಡುಗಿಯರು ಅವಳನ್ನು ರೇಗಿಸುತ್ತಲೂ ಇದ್ದರು. ಬೆಟ್ಟಸ್ವಾಮಿಗೆ ಕಾಮಾಲೆ ಬಂತು. ನಾಟಿ ಔಷಧ ಆಯಿತು, ದೊಡ್ಡಾಸ್ಪತ್ರೆ ಆಯಿತು, ಮನೆಗೆ ಕರೆದುಕೊಂಡು ಬಂದ ವಾರದಲ್ಲಿ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಹದಿಮೂರನೇ ದಿನದ ಕಾರ್ಯ ಮುಗಿದು ನೆಂಟರೆಲ್ಲ ಬೆಳಗಿನ ಬಸ್ಸು ಹತ್ತಿ ಹೋದ ದಿನ, ಸಂಜೆ ನಾನು ತಿರುವಿಗೆ ಬಂದರೆ ಎದುರಿಗೆ ಏನೂ ಇಲ್ಲ. ಬ್ರೇಕ್ ಒತ್ತಿದೆ. ಹಿಂದಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಕಂಡಕ್ಟರ್ ರಾಚಪ್ಪ ಇಳಿದು, ಎಡಗಾಲಿನಿಂದ ಅಂಚು ತಡವುತ್ತಾ ಬಸ್ಸಿನ ಮುಂದೆ ನಡೆದ. ಬೆಳಿಗ್ಗೆ ಅವಳು ಗೆರೆ ಎಳೆದಿದ್ದಳು, ನಾನೇ ಕಂಡಿದ್ದೆ. ಅಲ್ಲಿ ಸುಣ್ಣ ಇತ್ತು, ಕಾಣುತ್ತಿರಲಿಲ್ಲ ಅಷ್ಟೆ.

ಊರಿಗೆ ದಿಗಿಲಾಯಿತು. ಪಾಪದ ಹೆಂಗಸಿಗೆ ಏನು ಹೇಳುವುದು? ಕಾಯುತ್ತಿರಮ್ಮ ಅಂದರೆ ಯಾರಿಗೆ ಕಾಯುತ್ತಾಳೆ? ಕೊನೆಗೆ ಹೆಂಗಸರೇ ಒಂದು ಉಪಾಯ ಮಾಡಿದರು. ಒಬ್ಬಳು ಹೋಗಿ ಜರಡಿ ಇಸಕೊಂಡು ಬಂದಳು, ನಾಳೆ ಕೊಡುತ್ತೇನೆ ಅಂತ. ಇನ್ನೊಬ್ಬಳು ಶಾವಿಗೆ ಒತ್ತುವ ಮಣೆ. ದೊಡ್ಡಂಗಡಿಯ ಮಹಾಲಿಂಗು, ಮಳೆಯೇ ಇಲ್ಲದ ದಿನ ಅವಳ ಕೊಡೆ ಕೇಳಿ ತಂದ. ಅವನ ಮಗಳು ಶೈಲಜಾ ದಿನಾ ನಮ್ಮ ಬಸ್ಸಿನಲ್ಲೇ ಕಾಲೇಜಿಗೆ ಹೋಗಿಬರುವವಳು. ಆ ಸಂಜೆ ತಿರುವಿನಲ್ಲಿ ಗೆರೆ ಕಾಣಿಸಿತು. ಮಜ್ಜಿಗೆ ನೀರಿನಷ್ಟು ತೆಳುವಾಗಿ, ಅಲ್ಲಲ್ಲಿ ಕಡಿದುಕೊಂಡು, ಆದರೂ ಕಾಣಿಸಿತು. ಜರಡಿಗೆ ಎಷ್ಟು ಕಾಯಬಹುದೋ ಅಷ್ಟು. ಆದರೆ ನಂಜಮಣಿ ದಡ್ಡಿಯಲ್ಲ. ಒಂದೇ ವಾರದಲ್ಲಿ ಅವಳ ಮನೆಯ ಅರ್ಧ ಸಾಮಾನು ಊರಿನಲ್ಲಿದ್ದರೆ ಯಾರಿಗೆ ಗೊತ್ತಾಗುವುದಿಲ್ಲ? "ಎಲ್ಲಾ ನೀವೇ ಮಡೀಕಳಿ. ನಂಗೊಬ್ಳಿಗೆ ಏನಾಗ್ಬೇಕು," ಅಂದಳು. ಬೇಡ ಅಂದ ಮೇಲೆ ಕಾಯುವುದೆಲ್ಲಿ? ಗೆರೆ ಮತ್ತೆ ಹೋಯಿತು.

ಅವಳ ಬದಲು ತಿರುವಿನಲ್ಲಿ ಬೇರೆಯವರು ಗೆರೆ ಎಳೆಯಲಿ ಎಂದು ಯಾರೋ ಅಂದರು. ಅಂದವರು ಆಮೇಲೆ ನಾಲಿಗೆ ಕಚ್ಚಿಕೊಂಡರು. ಇನ್ನೊಬ್ಬರ ಮನೆಯ ಮುಂದೆ ಗೆರೆ ಎಳೆಯುವುದೆಂದರೆ ಆ ಮನೆ ಹಾಳುಬಿತ್ತು, ಒಳಗೆ ಯಾರೂ ಉಳಿದಿಲ್ಲ ಎಂದು ಸಾರಿದ ಹಾಗೆ. ಉಸಿರಾಡುವ ಹೆಂಗಸಿನ ಮುಂದೆ ಆ ಕೆಲಸ ಮಾಡಲು ಯಾರಿಗೂ ಮನಸ್ಸು ಬರಲಿಲ್ಲ. ಹಾಗಾಗಿ ರಾಚಪ್ಪ ದಿನಾ ಇಳಿದು ನಡೆಯುತ್ತಿದ್ದ, ನಾನು ಅವನ ಬೆನ್ನ ಮೇಲಿನ ಬಿಳಿ ಟವೆಲಿಗೆ ಮೂಗು ತಾಗುವಷ್ಟು ಹತ್ತಿರದಲ್ಲಿ ಬಸ್ಸು ತರುತ್ತಿದ್ದೆ. ಒಂದು ಸಂಜೆ ಅವನ ಕಾಲು ಜಾರಿ ಒಂದು ಚಪ್ಪಲಿ ಕಮರಿಗೆ ಹೋಯಿತು. ಅದು ಬಿದ್ದ ಸದ್ದೇ ನಮಗೆ ಕೇಳಿಸಲಿಲ್ಲ.

ಅದಾದ ಎರಡು ದಿನಕ್ಕೆ ತಿರುವಿನಲ್ಲಿ ಗೆರೆ ಹೊತ್ತಿಕೊಂಡಿತು. ಹೊತ್ತಿಕೊಂಡಿತು ಅಂದರೆ ಹಾಗೆಯೇ. ಬೆಟ್ಟಸ್ವಾಮಿ ಇದ್ದಾಗಲೂ ಅಷ್ಟು ಬೆಳಕು ಇರಲಿಲ್ಲ. ಬಸ್ಸಿನೊಳಗೆ ಕೂತವರ ಮುಖಗಳೆಲ್ಲ ಬೆಳ್ಳಗಾದವು. ನಂಜಮಣಿ ಮನೆಯ ಮುಂದಿನ ಕಲ್ಲಿನ ಮೇಲೆ ಕೂತಿದ್ದವಳು ಬಸ್ಸು ಕಂಡೊಡನೆ ಎದ್ದು ನಿಂತಳು, ಕಿಟಕಿ ಕಿಟಕಿಯಾಗಿ ನೋಡಿದಳು. ಮಾರನೆಯ ದಿನ ಗೋಡೆಗೆ ಸುಣ್ಣ ಬಳಿದಿದ್ದಳು. ಅದರ ಮಾರನೆಯ ದಿನ ಆ ತಿರುವಿನಲ್ಲೆಲ್ಲ ಕಜ್ಜಾಯ ಕರಿಯುವ ಘಮ. ಅವಳ ತಮ್ಮ ಬರುತ್ತಾನಂತೆ ಎಂದು ಊರು ಮಾತಾಡಿತು. ಅಕ್ಕನ ಮೇಲೆ ಯಾವುದೋ ಮಾತಿಗೆ ಮುನಿಸಿಕೊಂಡು ಎಷ್ಟೋ ವರ್ಷದಿಂದ ಮುಖ ತೋರಿಸದವನು, ಭಾವನ ಮಣ್ಣಿಗೂ ಬಾರದವನು, ಈಗ ಬರುತ್ತಾನಂತೆ. ಕಂಡಕ್ಟರ್ ರಾಚಪ್ಪನಿಗೆ ತಾಲ್ಲೂಕಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ ತಾನೇ ಹೇಳಿದನಂತೆ.

ಎಲ್ಲರಿಗೂ ಖುಷಿ. ನನಗೂ ಖುಷಿಯೇ. ಆದರೆ ರಾಚಪ್ಪ ತಿರುವು ಬಂದ ಕೂಡಲೇ ಬಸ್ಸಿನ ಹಿಂದಕ್ಕೆ ಹೋಗಿ ನಿಲ್ಲತೊಡಗಿದ. ಮೊದಲು ಫುಟ್‌ಬೋರ್ಡಿನಲ್ಲಿ ನಿಂತು ಅಂಚು ನೋಡುವವನು ಈಗ ಹಿಂದಿನ ಸೀಟಿನಲ್ಲಿ ಕೂತು ಚೀಲದೊಳಗೆ ಏನೋ ಹುಡುಕುವವನ ಹಾಗೆ ತಲೆ ತಗ್ಗಿಸಿರುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಒಂದು ಬೆಳಿಗ್ಗೆ ಶೆಡ್ಡಿನಲ್ಲಿ ರೇಡಿಯೇಟರಿಗೆ ನೀರು ಹಾಕುತ್ತಾ ಕೇಳಿದೆ.

"ರಾಚಣ್ಣ, ಅವಳ ತಮ್ಮ ಯಾವ ಬಣ್ಣದ ಅಂಗಿ ಹಾಕಿದ್ದ?"

ರಾಚಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಒಳ್ಳೆಯ ಮನುಷ್ಯ, ಸುಳ್ಳು ಹೇಳಲು ಬರುತ್ತದೆ, ಅದನ್ನು ಸಾಕಲು ಬರುವುದಿಲ್ಲ.

"ಅವನು ಸಿಕ್ಕೇ ಇಲ್ಲ ಕಣವ್ವ," ಅಂದ. "ಏನ್ ಮಾಡ್ಲಿ ಹೇಳು. ಆ ಚಪ್ಲಿ ಹೋಯ್ತಲ್ಲ, ಅವತ್ತು ಒಂಟಿ ಚಪ್ಲೀಲೇ ಮನೇಗೆ ಹೋದೆ. ನಾಳೆ ನಾನ್ ಹೋಗ್ಲಿ, ನಂಗೇನು ವಯಸ್ಸಾಯ್ತು. ಆ ಮಕ್ಳೆಲ್ಲ ಬಸ್ಸಲ್ಲಿ ಕೂತಿರ್ತವಲ್ಲ. ಅವಳಿಗೂ ಒಂದ್ ಆಸೆ ಆಗ್ಲಿ ಅಂತ ಹೇಳ್ಬುಟ್ಟೆ."

ಬೈಯಬೇಕೆಂದು ನೀರಿನ ಬಿಂದಿಗೆ ಕೆಳಗಿಟ್ಟೆ. ಅವನ ಕಾಲಿನಲ್ಲಿ ಹೊಸ ಚಪ್ಪಲಿ ಇದ್ದವು, ಅವನ್ನು ನೋಡುತ್ತಾ ನಿಂತೆ.

ಆ ಸಂಜೆ ನಂಜಮಣಿ ಹೊಸ ಸೀರೆ ಉಟ್ಟು ಕಲ್ಲಿನ ಮೇಲೆ ಕೂತಿದ್ದಳು. ಬಸ್ಸು ಬಂದಾಗ ಎದ್ದಳು. ಹಾದುಹೋದಾಗ ಕೂತಳು. ಕನ್ನಡಿಯಲ್ಲಿ ನನಗೆ ಕಂಡಿದ್ದು ಅಷ್ಟೇ, ಆಮೇಲೆ ಬಿಳಿ ಅವಳನ್ನು ಮುಚ್ಚಿತು. ನನ್ನ ಹಿಂದೆ ಆರದೆ ಉಳಿದಿದ್ದು ಅವಳ ಗೆರೆ ಒಂದೇ. ರಾತ್ರಿಯೆಲ್ಲ ಅದು ಹಾಗೆ ಉರಿಯುತ್ತಿರುತ್ತದೆ ಎಂದು ನೆನೆದು ನನಗೆ ಊಟ ಸೇರಲಿಲ್ಲ. ಒಬ್ಬಳು ಹೆಂಗಸನ್ನು ಬಾರದವನಿಗೆ ಕಾಯಲು ಕೂರಿಸಿ, ಅವಳ ಸಂಕಟದ ಬೆಳಕಿನಲ್ಲಿ ನಾವು ಹಾಡು ಹೇಳಿಕೊಂಡು ಮನೆಗೆ ಹೋಗುತ್ತಿದ್ದೇವೆ. ನನಗೆ ಇದು ಸರಿ ಕಾಣಲಿಲ್ಲ.

ಬೆಳಿಗ್ಗೆ ಬಸ್ಸು ಹೊರಡುವ ಮೊದಲು, ಎಲ್ಲರೂ ಕೂತಿದ್ದಾಗ, ಎದ್ದು ನಿಂತು ಹೇಳಿದೆ. ಹೀಗೆ ಹೀಗಿದೆ, ಅವಳಿಗೆ ನಾನು ನಿಜ ಹೇಳುತ್ತೇನೆ ಅಂದೆ. ಮಗಳನ್ನು ಬಸ್ಸು ಹತ್ತಿಸಲು ಬಂದಿದ್ದ ಮಹಾಲಿಂಗು ಕೆಳಗಿನಿಂದ ಕಿಟಕಿಗೆ ಕೈಯಿಟ್ಟ.

"ಚೌಡಕ್ಕ, ನೀವ್ ಸತ್ಯ ಹೇಳ್ಬುಟ್ಟು ಪುಣ್ಯ ಕಟ್ಕೊಳ್ತೀರಿ. ಗೆರೆ ಹೋದ್ಮೇಲೆ ಈ ಮಕ್ಳ ಗತಿ ಏನು?"

"ಗೆರೆ ಇಲ್ದಿದ್ರೆ ನಿಲ್ಲಿಸ್ತೀನಿ. ಇಳಿದು ನಡೀತೀವಿ. ಎಷ್ಟು ಹೊತ್ತಾದ್ರೂ ಆಗ್ಲಿ."

"ನಿಮಗೇನಕ್ಕ, ಹೇಳ್ತೀರಿ. ಮನೇಲಿ ಕಾಯ್ಕೊಂಡು ಕೂತಿರೋರ್ಗೆ ಗೊತ್ತು ಅದು."

ಅವನು ಅದನ್ನು ನೋಯಿಸಬೇಕೆಂದು ಹೇಳಲಿಲ್ಲ. ಮಗಳ ಮೇಲಿನ ಜೀವದಿಂದ ಹೇಳಿದ. ಆದರೂ ನನಗೆ ನಾಟಿತು. ಸೀಟಿಗೆ ಹೋಗಿ ಕೂತು ಬಸ್ಸು ಹೊರಡಿಸಿದೆ.

ತಿರುವಿನಲ್ಲಿ ಬಸ್ಸು ನಿಲ್ಲಿಸಬಾರದೆಂದು ನಿಯಮ. ಆದರೆ ಬೆಳಿಗ್ಗೆ ಬಿಸಿಲಿತ್ತು, ಕಮರಿ ಎಲ್ಲಿದೆ ರಸ್ತೆ ಎಲ್ಲಿದೆ ಎಂದು ಕುರುಡನಿಗೂ ತಿಳಿಯುವ ಹಾಗಿತ್ತು. ಇಳಿದು ಹೋದೆ. ನಂಜಮಣಿ ಬಗ್ಗಿ ಗೆರೆ ಎಳೆಯುತ್ತಿದ್ದಳು. ಹೆಬ್ಬೆರಳು ತೋರುಬೆರಳಿನ ನಡುವಿನಿಂದ ಸುಣ್ಣ ಸಣ್ಣಗೆ ಇಳಿಯುತ್ತಿತ್ತು. ಅಂಥ ನೇರ ಗೆರೆ ಊರಿನಲ್ಲಿ ಇನ್ನೊಬ್ಬರಿಗೆ ಬರುವುದಿಲ್ಲ. ನಾನು ಸುತ್ತಿಬಳಸಿ ಮಾತಾಡುವವಳಲ್ಲ. ಹೇಳಿಬಿಟ್ಟೆ.

ಅವಳು ಗೆರೆ ನಿಲ್ಲಿಸಲಿಲ್ಲ. ಕೊನೆಯವರೆಗೂ ಎಳೆದು, ಎದ್ದು, ಸೊಂಟ ನೆಟ್ಟಗೆ ಮಾಡಿಕೊಂಡಳು.

"ನಂಗೂ ಅನ್ನಿಸ್ತಿತ್ತು ಅಕ್ಕ. ಅವನು ಬರೋ ಆಸಾಮಿ ಅಲ್ಲ."

"ರಾಚಣ್ಣ ಕೆಟ್ಟ ಬುದ್ಧಿಯಿಂದ ಹೇಳಲಿಲ್ಲ."

"ಗೊತ್ತು. ಇಲ್ಲಿ ಕೆಟ್ಟೋರು ಯಾರವ್ರೆ?" ಅಂದಳು. ಆಮೇಲೆ ಬಸ್ಸಿನ ಕಡೆ ನೋಡಿದಳು. ಕಿಟಕಿಗಳಲ್ಲಿ ಕೂತವರೆಲ್ಲ ಬೇರೆ ಕಡೆ ತಿರುಗಿಕೊಂಡರು. "ನನ್ ಗೆರೆ ಹಿಡ್ಕೊಂಡು ಎಲ್ರೂ ಹೋಗ್ತೀರಿ. ಯಾರೂ ಇಳಿಯಲ್ಲ ಇಲ್ಲಿ."

ಅವಳು ಒಳಗೆ ಹೋಗಿ ಒಂದು ಸ್ಟೀಲ್ ಡಬ್ಬ ತಂದು ನನ್ನ ಕೈಯಲ್ಲಿಟ್ಟಳು. "ಕಜ್ಜಾಯ. ಅವನಿಗೆ ಅಂತ ಮಾಡಿದ್ದು. ಬಸ್ಸಲ್ಲಿರೋರಿಗೆ ಕೊಡಿ, ಸುಮ್ನೆ ಕೆಡೋದ್ಯಾಕೆ."

ಬಸ್ಸಿನಲ್ಲಿ ಕಜ್ಜಾಯ ಹಂಚಿದೆ. ಯಾರೂ ಬೇಡ ಅನ್ನಲಿಲ್ಲ, ಯಾರೂ ಚೆನ್ನಾಗಿದೆ ಅನ್ನಲೂ ಇಲ್ಲ. ರಾಚಪ್ಪ ತನ್ನದನ್ನು ಕೈಯಲ್ಲೇ ಹಿಡಿದುಕೊಂಡು ತಾಲ್ಲೂಕಿನವರೆಗೂ ಬಂದ. ಅಂದು ಸಂಜೆ ತಿರುವು ಮತ್ತೆ ಬರೀ ಬಿಳಿಯಾಗಿತ್ತು. ರಾಚಪ್ಪ ನಾನು ಹೇಳುವ ಮೊದಲೇ ಟವೆಲು ಬೆನ್ನ ಮೇಲೆ ಹಾಕಿಕೊಂಡು ಇಳಿದ. ಆದರೆ ಅಂದಿನಿಂದ ಅವನು ಒಬ್ಬನೇ ನಡೆಯಲಿಲ್ಲ. ಗಟ್ಟಿಗರು ನಾಲ್ಕಾರು ಮಂದಿ ಇಳಿದು ಒಬ್ಬರ ಕೈ ಒಬ್ಬರು ಹಿಡಿದು ಕಮರಿಯ ಅಂಚಿಗೆ ಸಾಲಾಗಿ ನಿಲ್ಲುತ್ತಿದ್ದರು. ಅವರು ನೆಲಕ್ಕೆ ಕಾಲಿಟ್ಟೊಡನೆ ಮೇಲೆ ಅವರವರ ಮನೆಯ ಗೆರೆ ಆರುತ್ತಿತ್ತು, ಅಲ್ಲಿಯೂ ಹೀಗೆಯೇ ಇಳಿದು ನಡೆಯಬೇಕಾಗುತ್ತಿತ್ತು. ಶೈಲಜಾ ಕೂಡ ಇಳಿಯುತ್ತಿದ್ದಳು, ಅಪ್ಪನಿಗೆ ಹೇಳಬೇಡಿ ಅನ್ನುತ್ತಿದ್ದಳು.

ಡಬ್ಬ ನನ್ನ ಹತ್ತಿರ ಉಳಿಯಿತು. ಇನ್ನೊಬ್ಬರ ಮನೆಯ ಡಬ್ಬ ಬರಿದಾಗಿ ವಾಪಸು ಕೊಡುವುದುಂಟೇ? ನಾನು ಏನೂ ಅಲ್ಲದಿದ್ದರೂ ಅಷ್ಟು ತಿಳಿವಳಿಕೆ ಇರುವವಳು. ಆದರೆ ಅಡುಗೆಯಲ್ಲಿ ನನ್ನ ಕೈ ನೆಟ್ಟಗಿಲ್ಲ. ನಾನು ಮಾಡಿದ ಅನ್ನ ನಾನೊಬ್ಬಳೇ ಉಣ್ಣುವುದು, ಅದೂ ಬೇರೆ ದಾರಿಯಿಲ್ಲದೆ. ತಾಲ್ಲೂಕಿನಲ್ಲಿ ಖಾರಾಬೂಂದಿ ಕಟ್ಟಿಸಿ ಡಬ್ಬಕ್ಕೆ ತುಂಬಿ, ತಿರುವಿನಲ್ಲಿ ರಾಚಪ್ಪ ನಡೆಯುತ್ತಾ ಹೋಗುವಾಗ ಅವಳ ಕೈಗೆ ಕೊಡಲು ಹೇಳಿದೆ. ಅವಳೂ ಡಬ್ಬವನ್ನು ಬರಿದಾಗಿ ಇಟ್ಟುಕೊಳ್ಳುವವಳಲ್ಲ. ಖಾರಾಬೂಂದಿ ಬಂದ ಡಬ್ಬ ನಿಪ್ಪಟ್ಟು ತುಂಬಿಕೊಂಡು ನನ್ನ ಕಿಟಕಿಗೆ ಬಂತು. ಈಗ ನಾನು ಏನು ಮಾಡಲಿ? ಬಾಳೆಹಣ್ಣು ತುಂಬಿದೆ. ಹುರಿಗಡಲೆ ಚಟ್ನಿಪುಡಿ ಬಂತು. ಹುರುಳಿಕಾಳು ಕಳಿಸಿದೆ. ಅದರದೇ ಬಸ್ಸಾರು ಮಾಡಿ ಕಳಿಸಿದಳು. ಬಿಸಿ ಸಾರಿನ ಡಬ್ಬ ತೊಡೆಯ ಮೇಲಿಟ್ಟುಕೊಂಡು ಶೆಡ್ಡಿನವರೆಗೂ ಬಸ್ಸು ಓಡಿಸಿದೆ. ಹಾಗೆ ಓಡಿಸಬಾರದು, ಅದು ಬೇರೆ ಮಾತು.

"ಇದೇನ್ ಚೌಡವ್ವ, ಡಬ್ಬಕ್ಕೂ ಪಾಸು ಮಾಡಿಸ್ಬೇಕಾ?" ಎಂದು ರಾಚಪ್ಪ ಕೇಳುತ್ತಿದ್ದ. ಒಂದು ದಿನ ನಾನೇ ಕಷ್ಟಪಟ್ಟು ಚಿತ್ರಾನ್ನ ಮಾಡಿ ಕಳಿಸಿದೆ. ಮಾರನೆಯ ದಿನ ನಂಜಮಣಿ ಕಿಟಕಿಯ ಕೆಳಗೆ ಬಂದು ನಿಂತು, "ಅಕ್ಕ, ತಪ್ಪು ತಿಳ್ಕೋಬೇಡಿ. ಇನ್ಮೇಲೆ ಅಂಗಡೀದೇ ತನ್ನಿ," ಅಂದಳು. ಗಂಡ ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ಕಂಡಿದ್ದು ಅಂದೇ ಮೊದಲು.

ಗೆರೆ ಮತ್ತೆ ಯಾವಾಗ ಕಾಣತೊಡಗಿತೋ ಸರಿಯಾಗಿ ಹೇಳಲಾರೆ. ಒಂದು ಸಂಜೆ ರಾಚಪ್ಪ ಇಳಿಯಲು ಹೊರಟವನು ಫುಟ್‌ಬೋರ್ಡಿನಲ್ಲೇ ನಿಂತ. ಮುಂದೆ ತಿರುವಿನುದ್ದಕ್ಕೂ ಒಂದು ಎಳೆ, ಕಡಿಯದ ಎಳೆ. ದಿನದಿಂದ ದಿನಕ್ಕೆ ಅದು ದಪ್ಪವಾಯಿತು. ಇಳಿದು ನಡೆಯುವವರು ಬೇಕಾಗಲಿಲ್ಲ. ನಂಜಮಣಿ ಡಬ್ಬಕ್ಕೆ ಕಾಯುತ್ತಾಳೆ, ಇಂದು ಏನು ಬರುತ್ತದೋ ಅಂತ, ಎಂದು ನಾನು ಲೆಕ್ಕ ಹಾಕಿಕೊಂಡೆ. ಡಬ್ಬ ತಪ್ಪಿಸಬಾರದು ಎಂದುಕೊಂಡೆ.

"ಡಬ್ಬ ಅವಳ ಕೈಗೆ ಕೊಟ್ಟಾಯ್ತಲ್ಲ," ಎಂದ ರಾಚಪ್ಪ ಒಂದು ದಿನ, ಹಿಂದೆ ತಿರುಗಿ ನೋಡುತ್ತಾ. "ಆದ್ರೂ ಗೆರೆ ಆರ್ಲಿಲ್ಲ."

"ಸುಣ್ಣ ಚೆನ್ನಾಗಿರ್ಬೇಕು," ಅಂದೆ.

ಅವನು ನನ್ನ ಮುಖ ನೋಡಿದ. ಶಿಳ್ಳೆ ಹಾಕಿಕೊಂಡು ಹಿಂದಕ್ಕೆ ಹೋದ.

ಆಮೇಲೆ ಒಂದು ದಿನ ತಾಲ್ಲೂಕಿನಲ್ಲಿ ಬಸ್ಸಿನ ಕ್ಲಚ್ ಕೈಕೊಟ್ಟಿತು. ಮೆಕ್ಯಾನಿಕ್ಕು ಸಂಜೆಯಾಗುತ್ತದೆ ಅಂದ. ಮಹಾಲಿಂಗು ಅಂಗಡಿಯ ಸಾಮಾನು ತುಂಬಲು ವ್ಯಾನು ತಂದಿದ್ದ. ನಮ್ಮ ಊರಿನವರನ್ನೆಲ್ಲ ಅದರಲ್ಲಿ ತುರುಕಿಕೊಂಡು ಬಿಳಿ ಇಳಿಯುವ ಮೊದಲೇ ಹೊರಟ. "ನೀವೂ ಬನ್ನಿ ಚೌಡಕ್ಕ, ಗಾಡಿ ಇಲ್ಲೇ ಇರ್ಲಿ," ಅಂದ. ಮಾರನೆಯ ಬೆಳಿಗ್ಗೆ ಶೈಲಜಾಳಿಗೆ ಪರೀಕ್ಷೆ, ಬಸ್ಸು ಮೇಲಿರಬೇಕು. ನಾನು ಬರುವುದಿಲ್ಲ ಅಂದೆ. ರಾಚಪ್ಪನನ್ನೂ ಕಳಿಸಿದೆ. ನಿಪ್ಪಟ್ಟು ತುಂಬಿ ನನಗೆ ವಾಪಸು ಕೊಡಬೇಕಾದ ಡಬ್ಬ ಆ ದಿನ ನಂಜಮಣಿಯ ಹತ್ತಿರವೇ ಇತ್ತು.

ಕ್ಲಚ್ ಸರಿಯಾಗಿ, ನಾನು ಸೇತುವೆಗೆ ಬರುವಾಗ ಹೊತ್ತು ಮುಳುಗುತ್ತಿತ್ತು. ದಿನಾ ಸೇತುವೆ ಬಂದಾಗ ಒಂದು ಉದ್ದ ಹಾರನ್ ಹೊಡೆಯುವುದು ರೂಢಿ. ಹೊಡೆದೆ. ಎದುರಿಗೆ ಗೆರೆ ಇರಲಿಲ್ಲ. ತಿರುವು ಅಲ್ಲಿಂದ ಕಾಣುವುದಿಲ್ಲ, ಕಾಣುವಷ್ಟು ದೂರಕ್ಕೆ ಒಂದೂ ಇರಲಿಲ್ಲ. ಇರುವುದಾದರೂ ಹೇಗೆ? ಎಲ್ಲರ ಮನೆಯವರೂ ಮಧ್ಯಾಹ್ನವೇ ಬಂದು ಸೇರಿದ್ದರು. ಊರಿನಲ್ಲಿ ಯಾರೂ ಯಾರಿಗೂ ಕಾಯುತ್ತಿರಲಿಲ್ಲ. ಗೆರೆ ಕಾಣದಿದ್ದರೆ ನಿಲ್ಲಿಸಬೇಕು, ಅಷ್ಟೆ. ಬಸ್ಸು ಪಕ್ಕಕ್ಕೆ ಹಾಕಿ, ಗೇರಿನಲ್ಲೇ ಬಿಟ್ಟು, ಎಂಜಿನ್ ಆರಿಸಿದೆ. ಇಷ್ಟು ವರ್ಷ ಈ ರಸ್ತೆಯಲ್ಲಿ ಬಸ್ಸು ಓಡಿಸಿದ್ದೇನೆ, ಬರೀ ಬಿಳಿಯ ಮುಂದೆ ಒಬ್ಬಳೇ ಕೂತಿದ್ದು ಅದೇ ಮೊದಲು. ಮಹಾಲಿಂಗು ಹೇಳಿದ ಮಾತು ನೆನಪಾಯಿತು. ನನಗೆ ಅಳು ಬಂತು. ನೋಡುವವರು ಯಾರೂ ಇರಲಿಲ್ಲವಾದ್ದರಿಂದ ಅತ್ತೆ.

ಕಣ್ಣೊರೆಸಿಕೊಂಡು ನೋಡಿದರೆ ಮೇಲೆ, ದೂರದಲ್ಲಿ, ಏನೋ ಬೆಳ್ಳಗೆ. ಕಣ್ಣೀರಿನದು ಎಂದುಕೊಂಡೆ. ಅಲ್ಲ, ಗೆರೆ. ಅದು ನಿಂತ ಗೆರೆಯಾಗಿರಲಿಲ್ಲ, ಬರುತ್ತಿತ್ತು. ಒಂದೊಂದು ಮಾರು, ಒಂದೊಂದು ಮಾರು, ಕಮರಿಯ ಅಂಚು ಹಿಡಿದು, ಒಂದು ಮನೆಯ ಮುಂದಿನಿಂದ ಇನ್ನೊಂದು ಮನೆಯ ಮುಂದಕ್ಕೆ, ಎಲ್ಲಿಯೂ ನಿಲ್ಲದೆ ಇಳಿದು ಬರುತ್ತಿತ್ತು. ನಾನು ಸ್ಟೀರಿಂಗ್ ಹಿಡಿದುಕೊಂಡು ನೋಡುತ್ತಾ ಕೂತೆ. ಕೊನೆಗೆ ಅದು ಬಸ್ಸಿನ ಮುಂದಿನ ಚಕ್ರದ ಹತ್ತಿರ ಬಂದು ನಿಂತಿತು. ಅದರ ತುದಿಯಲ್ಲಿ ಸೊಂಟ ಬಗ್ಗಿಸಿದ ನಂಜಮಣಿ, ಕೈಯಲ್ಲಿ ಡಬ್ಬ.

"ಹಾರನ್ ಕೇಳ್ತು. ಎಂಜಿನ್ ಆರಿಸಿದ್ದೂ ಕೇಳ್ತು," ಎಂದಳು, ಏದುಸಿರು ಬಿಡುತ್ತಾ. "ಕೆಳಗೆ ಗೆರೆ ಇರಲ್ಲ ಅಂತ ಆಗ ಹೊಳೀತು ಅಕ್ಕ. ಸುಣ್ಣ ತುಂಬ್ಕೊಳಕ್ಕೆ ಏನೂ ಸಿಗ್ಲಿಲ್ಲ. ಡಬ್ಬದಲ್ಲಿ ತುಂಬ್ಕೊಂಡ್ ಬಂದೆ. ಬರಿದಾಗೋಯ್ತು."

"ಎಲ್ರ ಮನೆ ಮುಂದೂ ಎಳ್ಕೊಂಡು ಬಂದಿದೀಯಲ್ಲೇ. ನಾಳೆ ಊರೋರು ಜಗಳಕ್ಕೆ ಬರ್ತಾರೆ."

"ಬರ್ಲಿ. ಅವರಿಗೂ ಒಂದು ಕೆಲಸ ಆಗ್ಲಿ. ಎಷ್ಟೊತ್ತಾಯ್ತು ಗೊತ್ತಾ, ಮುದ್ದೆ ಎಲ್ಲಾ ಆರೋಯ್ತು ಮನೇಲಿ," ಎಂದು ನನ್ನನ್ನು ಗದರಿಕೊಂಡಳು.

ಹೀಗೆ ತಡವಾಯಿತು ಅಂತ ನನ್ನನ್ನು ಅದುವರೆಗೆ ಯಾರೂ ಗದರಿಕೊಂಡಿರಲಿಲ್ಲ. ಅವಳನ್ನು ಹತ್ತಿಸಿಕೊಂಡು, ಡಿಮ್ ಹಾಕಿ, ಎರಡನೇ ಗೇರಿನಲ್ಲಿ ಹೊರಟಿದ್ದರೆ ಆ ಗೆರೆ ತಿರುವಿನವರೆಗೂ ನಮ್ಮನ್ನು ಸಲೀಸಾಗಿ ಕರೆದುಕೊಂಡು ಹೋಗುತ್ತಿತ್ತು. ಮೊನ್ನೆ ಕಲಿತ ಡ್ರೈವರಿಗೂ ಗೊತ್ತಿರುವ ಮಾತು. ನಾನು ಬಾಗಿಲು ತೆರೆದೆ. ಒಂದು ಗಳಿಗೆ ಹಾಗೆಯೇ ಮೆಟ್ಟಿಲ ಮೇಲೆ ನಿಂತಿದ್ದೆ, ಹೆದರಿಕೆಯಾಗಿ. ಆಮೇಲೆ ಇಳಿದು ನೆಲಕ್ಕೆ ಕಾಲಿಟ್ಟೆ.

ಗೆರೆ ಆರಿತು. ನನ್ನ ಪಾದದ ಹತ್ತಿರದಿಂದ ಶುರುವಾಗಿ ಮನೆ ಮನೆ ದಾಟಿ ಮೇಲಿನವರೆಗೂ ಆರುತ್ತಾ ಹೋಯಿತು. ಕೊನೆಗೆ ಇಲ್ಲಿಂದ ಕಾಣದ ತಿರುವಿನದೂ ಆರಿರಬೇಕು.

"ಇದ್ಯಾಕಕ್ಕ ಇಳಿದ್ರಿ?" ಬಿಳಿಯೊಳಗಿನಿಂದ ನಂಜಮಣಿಯ ದನಿ ಬಂತು. "ಕೂತ್ಕೊಂಡೇ ಇದ್ದಿದ್ರೆ ಮನೆ ಸೇರ್ಬಹುದಿತ್ತು. ಇನ್ನು ಬೆಳಗಿನ ತನಕ ಇಲ್ಲೇ."

"ಆರ್ತದೋ ಇಲ್ವೋ ನೋಡ್ಬೇಕಿತ್ತು ಕಣೇ," ಅಂದೆ.

ಅವಳು ಕೈ ತಡವಿ ನನ್ನ ತೋಳು ಹಿಡಿದುಕೊಂಡಳು. ಇಬ್ಬರೂ ಮೆಟ್ಟಿಲು ಹತ್ತಿ ಒಳಗೆ ಹೋದೆವು. ಸುಣ್ಣ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳು ಮುಂದಿನ ಸೀಟಿನಲ್ಲಿ ಕೂತಳು, ಬರಿದಾದ ಡಬ್ಬವನ್ನು ಕಾಲ ಬಳಿ ಇಟ್ಟಳು, ಕಿಟಕಿಯ ಕಡೆಗೆ ಸರಿದು ನನಗೆ ಜಾಗ ಬಿಟ್ಟಳು.